ಬೂದಿ ಮಾಲಿಗೆ ಹಾಕಿದ ಮೂರು ಹಿಡಿ ಸಿಮೆಂಟು

೧೯೭೨ರಲ್ಲಿ ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ನಾನು ಗೌಂಡಿ ಕೆಲಸಕ್ಕೆ ನಿಂತೆ. ಅಂದಿನಿಂದ ಬೈಲಹೊಂಗಲ, ಕಿತ್ತೂರು ಕಡೆ ನಾನು ಕಟ್ಟಿದ ಗೋಡೆ ಒಂದೂ ಬಿರಿದಿಲ್ಲ. ಈ ಮಾತನ್ನು ಬಹಳ ವರ್ಷ ಎದೆ ಸೆಟೆದು ಹೇಳಿಕೊಂಡು ತಿರುಗಿದೆ. ಅದೇ ಸೊಕ್ಕು ಮಗಳ ಓದನ್ನು ಮುಳುಗಿಸುವುದರಲ್ಲಿತ್ತು. ಗೊಡಚಿ ವೀರಭದ್ರ ಆ ಓದನ್ನು ಹೇಗೆ ಮೇಲೆತ್ತಿದ ಎಂಬುದನ್ನು, ಅವನನ್ನು ನಂಬಿದ ನಿಮಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

೨೦೦೪ರ ಮಾತು. ಮಗಳು ಶೈಲಾ ಬೆಳಗಾವಿಯಲ್ಲಿ ಸಿವಿಲ್ ಎಂ.ಟೆಕ್. ಕೊನೆಯ ವರ್ಷದಲ್ಲಿದ್ದಳು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟ ಬೂದಿಯನ್ನು ಸಿಮೆಂಟಿನ ಬದಲು ಒಂದಿಷ್ಟು ಬೆರೆಸಿದರೆ, ಹಳ್ಳಿಗಳಲ್ಲಿ ಕೈಯಿಂದ ಕಲಸುವ ಕಾಂಕ್ರೀಟು ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬುದು ಅವಳ ಸಂಶೋಧನೆ. ಕೈಯಿಂದಲೇ ಕಲಸಬೇಕಾದ್ದರಿಂದ ಕೆಲಸ ನಮ್ಮ ಅಂಗಳಕ್ಕೆ ಬಂತು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯಿಂದ ಬೂದಿಯ ಚೀಲಗಳನ್ನು ಬಸ್ಸಿನ ಮೇಲೆ ಹೇರಿ ತಂದೆವು. ಅವಳು ಜಲ್ಲಿಕಲ್ಲಿನ ಖಡಿ, ಉಸುಕು, ಸಿಮೆಂಟು, ಬೂದಿ ತೂಗಿ ಕೊಡುವುದು. ನಾನು ಅವಕ್ಕೆ ನೀರು ಹಾಕಿ ಮಾಲು ಕಲಸಿ ಆರು ಇಂಚಿನ ಕಬ್ಬಿಣದ ಅಚ್ಚುಗಳಿಗೆ ತುಂಬುವುದು. ಅದರಿಂದ ಬರುವ ಗಟ್ಟಿಗೆ ಕ್ಯೂಬು ಎನ್ನುತ್ತಾರೆ. ಅದನ್ನು ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಕಾಲೇಜಿನ ಯಂತ್ರದಲ್ಲಿ ಒತ್ತಿ ಒಡೆದು, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆದುಕೊಳ್ಳಬೇಕು.

“ಬೂದಿಯಿಂದ ಮನಿ ನಿಲ್ತೈತೇನ ಶೈಲಾ?” ಎಂದೆ.

“ಅದನ್ನ ನೋಡಾಕ ಅಲ್ಲೇನಪ್ಪಾ ಇಷ್ಟೆಲ್ಲಾ. ನೀ ಸುಮ್ನ ಕಲಸು.”

ಇಪ್ಪತ್ತೆಂಟು ದಿನ ಕಳೆದ ಮೇಲೆ ಕ್ಯೂಬುಗಳನ್ನು ಗೋಣಿಯಲ್ಲಿ ಸುತ್ತಿ, ನಾಲ್ಕು ಖೇಪು ಬಸ್ಸಿನಲ್ಲಿ ಓಡಾಡಿ ಬೆಳಗಾವಿಗೆ ಹೊತ್ತೆ. ಒಂದೊಂದೂ ಎಂಟು ಕಿಲೋ. “ಯಾಕ್ರಿ ಯಜಮಾನ್ರ, ಬೆಳಗಾವ್ಯಾಗ ಕಲ್ಲ ಸಿಗೂದಿಲ್ಲೇನು?” ಎಂದು ಕಂಡಕ್ಟರ್ ನಕ್ಕ. ನನ್ನ ಬಲಭುಜ ಅಂದು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ವಾರದ ಮೇಲೆ ಶೈಲಾ ಊರಿಗೆ ಬಂದಳು. ಕಾಲು ತೊಳೆಯದೆ ಹೊಸ್ತಿಲ ಮೇಲೆಯೇ ಕುಳಿತಳು. ಬೂದಿ ಎಷ್ಟೇ ಬೆರೆತಿರಲಿ, ಆ ಕ್ಯೂಬುಗಳೆಲ್ಲ ಬೂದಿಯಿಲ್ಲದ ಸಾದಾ ಕ್ಯೂಬಿಗಿಂತ ಹೆಚ್ಚು ಭಾರ ತಡೆದಿದ್ದವು. ಬೂದಿ ಬಹಳವಾದರೆ ಬಲ ಕುಗ್ಗಲೇಬೇಕು, ಹೀಗೆ ಆಗಲು ಸಾಧ್ಯವೇ ಇಲ್ಲವಂತೆ.

“ಅಂಕಿ ಮನ್ಯಾಗ ಕುಂತ ಬರದೀ ಏನು ಅಂತ ಕೇಳಿದ್ರಪ್ಪಾ ನಮ್ಮ ಗೈಡ್ ಸರ್. ಇದಕ್ಕ ನಾ ಸಹಿ ಮಾಡೂದಿಲ್ಲ ಅಂದ್ರು.”

ಪ್ರಬಂಧ ಒಪ್ಪಿಸಲು ಉಳಿದದ್ದು ಮೂರು ವಾರ. ಹೊಸದಾಗಿ ಹಾಕಿದರೆ ಇಪ್ಪತ್ತೆಂಟು ದಿನ ಬೇಕು. ಅವಧಿ ಮೀರಿದರೆ ಪದವಿ ಇಲ್ಲ. ಮೇಲಾಗಿ ಸುಳ್ಳು ಅಂಕಿ ಬರೆದವಳೆಂಬ ಹೆಸರು.

“ಯಂತ್ರ ಕೆಟ್ಟಿರಬೇಕ ತಗೋ,” ಎಂದೆ.

ಯಂತ್ರ ಕೆಟ್ಟಿರಲಿಲ್ಲ, ನನಗೆ ಗೊತ್ತಿತ್ತು. ನನಗೆ ಕೆಲಸ ಕಲಿಸಿದ ಹಿರಿಯ ಗೌಂಡಿ ಅಳತೆ ಮುಗಿದ ಮೇಲೂ ಮಾಲಿಗೆ ಒಂದು ಹಿಡಿ ಸಿಮೆಂಟು ಕೊಸರು ಹಾಕುತ್ತಿದ್ದ. ಆ ರೂಢಿ ನನ್ನ ಕೈಗೂ ಬಂದಿತ್ತು. ಬೂದಿ ಬೆರೆತ ಕಪ್ಪು ಮಾಲನ್ನು ನೋಡಿ ಇದು ನಿಲ್ಲುವುದಿಲ್ಲ, ಹುಡುಗಿಗೆ ಅವಮಾನವಾಗುತ್ತದೆ ಎನಿಸಿತು. ಅವಳು ಅಚ್ಚಿಗೆ ಎಣ್ಣೆ ಸವರಲು ಬಾಗಿದಾಗ ಬೂದಿಯ ಪ್ರತಿ ಮಾಲಿಗೂ ಮೂರು ಹಿಡಿ ಒಗೆದೆ. ಸಾದಾ ಮಾಲಿಗೆ ಹಾಕಲಿಲ್ಲ. ಈಗ ಅದನ್ನು ಹೇಳಲು ಬಾಯಿ ಬರಲಿಲ್ಲ. ಮಗಳು ಅನ್ನ ಬಿಟ್ಟಳು. ನಾನು ಕೆಲಸಕ್ಕೆ ಹೋಗಿ ಬರುತ್ತಿದ್ದೆ, ಅಷ್ಟೇ.

ಮಂಗಳವಾರ ಹೆಂಡತಿ ಗಂಗವ್ವನನ್ನು ಕರೆದುಕೊಂಡು ಗೊಡಚಿಗೆ ಹೊರಟೆ. ಯರಗಟ್ಟಿಯಲ್ಲಿ ಬದಲಿಸಿದ ರಾಮದುರ್ಗದ ಬಸ್ಸಿನಲ್ಲಿ ಬಹಳ ಹೊತ್ತು ನಿಂತ ಮೇಲೆ ಕಡೆಗೆ ಸೀಟು ಸಿಕ್ಕಿತು.

“ಏನ ಬೇಡ್ಕೋತೀರಿ?” ಎಂದಳು.

“ಯಂತ್ರದ ತಪ್ಪ ಹೊರಗ ಬರಲಿ ಅಂತ.”

“ಮೂರ ಮೂರ ಹಿಡಿ ಒಗದದ್ದು ಯಂತ್ರೇನ್ರಿ?”

“ನಿನಗ ಹೆಂಗ ಗೊತ್ತು?”

“ಅಡಗಿ ಮನ್ಯಾಗಿಂದ ಅಂಗಳೆಲ್ಲಾ ಕಾಣತೈತ್ರಿ.”

“ಮತ್ತ ಇಷ್ಟ ದಿನಾ ಸುಮ್ನ ಯಾಕ ಕುಂತಿದ್ದಿ?”

“ನೀವ ಹೇಳ್ತೀರಿ ಅಂತ ಹಾದಿ ನೋಡಿದೆ.”

ಗುಡಿಯಲ್ಲಿ ಮಂಗಳಾರತಿ ಆಯಿತು. ಯಂತ್ರದ ಮಾತು ಬೇಡಿಕೊಳ್ಳಲು ಕೈ ಜೋಡಿಸಿದೆ. ಆದರೆ “ತಪ್ಪ ನಂದೈತಿ” ಎಂಬ ಮಾತು ಬಾಯಿಂದ ಜೋರಾಗಿಯೇ ಬಿತ್ತು. ಮುಂದಿದ್ದವರು ತಿರುಗಿ ನೋಡಿದರು. ಪೂಜಾರಿ ಏನೂ ಕೇಳದೆ ಅಂಗೈಗೆ ವಿಭೂತಿ ಹಾಕಿದರು. ಇದೇ ಅಪ್ಪಣೆ ಎಂದುಕೊಂಡೆ.

ಮರುದಿನ ಬೆಳಗಾವಿಯಲ್ಲಿ ಶೈಲಾಳ ಮಾರ್ಗದರ್ಶಕರ ಮುಂದೆ ನಿಂತು ಎಲ್ಲ ಹೇಳಿದೆ. ಬಾಗಿಲ ಬಳಿ ನಿಂತಿದ್ದ ಮಗಳು ನನ್ನ ಮುಖ ನೋಡಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

“ಹಿಡಿ ಅಂದ್ರ ಎಷ್ಟ್ರಿ?”

“ಹಿಡಿ ಅಂದ್ರ ಹಿಡೀನ್ರಿ.”

“ಪ್ರತಿ ಸಲಾನೂ ಅಷ್ಟೇನು?”

“ಮೂವತ್ತ ವರ್ಷ ಆತ್ರಿ ಸಾಹೇಬ್ರ. ಈ ಕೈ ಹೆಚ್ಚುಕಡಿಮಿ ಮಾಡೂದಿಲ್ಲ.”

“ನೋಡೋಣು ಬರ್ರಿ.”

ಪ್ರಯೋಗಶಾಲೆಯಲ್ಲಿ ತಕ್ಕಡಿಯ ಕಡೆ ಬೆನ್ನು ಮಾಡಿ ನಿಲ್ಲಿಸಿದರು. ಚೀಲದಿಂದ ಮೂರು ಹಿಡಿ ತೆಗೆದು ತಟ್ಟೆಗೆ ಹಾಕಬೇಕು. ಅವರು ತೂಗುವರು, ಮಗಳು ಬರೆದುಕೊಳ್ಳುವಳು. ಹೀಗೆ ಇಪ್ಪತ್ತು ಸಲ. ಭುಜ ಸೆಳೆಯುತ್ತಿತ್ತು, ಬೆರಳು ಕಂಪಿಸುತ್ತಿದ್ದವು. ಇಷ್ಟು ವರ್ಷ ನಾನು ಜಂಬ ಕೊಚ್ಚಿಕೊಂಡ ಕೈ ಇವತ್ತು ಕೈಕೊಡುತ್ತದೆ ಎಂದು ಹೆದರಿದೆ. ಒಳಗೊಳಗೇ ವೀರಭದ್ರನನ್ನು ನೆನೆದೆ.

ಮುಗಿದ ಮೇಲೆ ಅವರು ಅಂಕಿಗಳನ್ನು ಎರಡು ಸಲ ಓದಿದರು. ಇಪ್ಪತ್ತರಲ್ಲಿ ಒಂದಕ್ಕೊಂದು ಫರಕು ಬಂದದ್ದು ಐದಾರು ಗ್ರಾಂ. ನಡುಗುವ ಕೈಗೆ ಅಷ್ಟು ಅಳತೆ ಎಲ್ಲಿಂದ ಬರಬೇಕು? ಮೂವತ್ತು ವರ್ಷ ನನ್ನದೆಂದು ಮೆರೆದ ಕೈ ನನ್ನದಲ್ಲ ಎಂದು ಅಲ್ಲಿ ನಿಂತು ತಿಳಿದೆ.

“ಹಂಗಾದ್ರ ಕ್ಯೂಬ್ ಕೆಟ್ಟಿಲ್ಲ. ಎಷ್ಟ ಹೆಚ್ಚಿಗಿ ಬಿದ್ದೈತಿ ಅಂತ ಈಗ ಗೊತ್ತಾತು. ಲೆಕ್ಕ ತಿದ್ದಿ, ಆಗಿದ್ದನ್ನ ಆದಂಗ ಬರೀ ಶೈಲಾ. ಹಿಡಿ ಇಲ್ಲದ ಮಾಲು ಮತ್ತ ಹಾಕಿ, ಏಳ ದಿನಕ್ಕ ಒಡದು ಈ ಲೆಕ್ಕಕ್ಕ ಹೊಂದತೈತೇನ ನೋಡು,” ಎಂದರು. ನನ್ನ ಕಡೆ ತಿರುಗಿ, “ಹಳ್ಯಾಗ ಗೌಂಡಿಗೋಳು ಎಲ್ಲಾರೂ ಹಿಂಗ ಹಾಕ್ತಾರೇನ್ರಿ?” ಎಂದು ಕೇಳಿದರು.

“ಹೆಚ್ಚಿಗಿ ಹಾಕೋರೂ ಅದಾರ್ರಿ, ಕಡಿಮಿ ಹಾಕೋರೂ ಅದಾರ. ಒಪ್ಕೊಳ್ಳೋರು ಇಲ್ಲ.”

ಅವರು ಮೊದಲ ಸಲ ನಕ್ಕರು. “ಈ ಸಲ ನಿಮ್ಮಪ್ಪನ ಕೈ ಕಟ್ಟಿ ಕುಂದ್ರಸು,” ಎಂದರು ಮಗಳಿಗೆ.

ಶೈಲಾ ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮಾಲು ಅವಳೇ ಕಲಸಿದಳು. ಅಂಗೈಗೆ ಬೊಬ್ಬೆ ಬಂದವು. ಏಳು ದಿನದ ಕ್ಯೂಬುಗಳು ತಿದ್ದಿದ ಲೆಕ್ಕಕ್ಕೆ ಹೊಂದಿದವು. ಬೂದಿ ಸ್ವಲ್ಪವೇ ಇದ್ದರೆ ಕಾಂಕ್ರೀಟು ತಾನಾಗಿಯೇ ಗಟ್ಟಿ ನಿಲ್ಲುತ್ತದೆ, ಹೆಚ್ಚಾದರೆ ಕುಗ್ಗುತ್ತದೆ. ನನ್ನ ಹಿಡಿ ಅದನ್ನೆಲ್ಲ ಮುಚ್ಚಿತ್ತು. ನನ್ನ ಸಹಾಯ ಬೇಕೇ ಇರಲಿಲ್ಲ. ಅವಧಿಗೆ ಎರಡು ದಿನ ಮೊದಲು ಸಹಿ ಬಿತ್ತು.

ಪ್ರಬಂಧದ ಆ ಪುಟವನ್ನು ಅವಳು ನನಗೆ ಕನ್ನಡದಲ್ಲಿ ಓದಿ ಹೇಳಿದಳು: ಗೌಂಡಿಯು ಮೂರು ಹಿಡಿ ಸಿಮೆಂಟನ್ನು ಹೆಚ್ಚಾಗಿ ಸೇರಿಸಿದ್ದನು.

“ನಮ್ಮಪ್ಪ ಅಂತ ಬರೀಲಿಲ್ಲೇನು?”

“ಸಂಶೋಧನ್ಯಾಗ ಅಪ್ಪ ಇರೂದಿಲ್ಲಪ್ಪಾ, ಗೌಂಡಿ ಇರತಾನ.”

ಅದಾಗಿ ನಾಲ್ಕು ವರ್ಷ. ದಣಿದಿದ್ದೇನೆ; ಅರ್ಧ ದಿನಕ್ಕಿಂತ ಹೆಚ್ಚು ಕೆಲಸ ಆಗುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಗೊಡಚಿಗೆ ಹೋಗಿ, ಆ ವರ್ಷ ಮಾಡಿದ ತಪ್ಪುಗಳನ್ನು ಹೇಳಿ ಬರುತ್ತೇನೆ. ಬೇಡುವುದು ಏನೂ ಉಳಿದಿಲ್ಲ. ಅವನು ಕೊಟ್ಟದ್ದು ಇಷ್ಟಿದೆ: ಎರಡು ಕೋಣೆಯ ಮನೆ, ಒಂದು ಸೈಕಲ್ಲು, ಗಾರೆ ಸವರುವ ಎರಡು ಥಾಪಿ, ಹೆಂಡತಿ, ಮತ್ತು ಧಾರವಾಡದಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಹೇಳುವ ಒಬ್ಬಳು ಮಗಳು.