ಶಾಹುಲ್ ತಡವಾಗಿ ಹಾಕಿದ ಸಹಿ

ಕುದ್ರೋಳಿಯ ಶಾಹುಲನಿಗೆ ಒಂದು ಗ್ಯಾಸಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗಲ್ಫಿನ ಆಸಿಡ್ ಪ್ಲಾಂಟೊಂದರಲ್ಲಿ ಹನ್ನೊಂದು ವರ್ಷ ದುಡಿದು ಬಂದವನು. ನೈಟ್ರಿಕ್ ಆಕ್ಸೈಡ್ ಪೈಪಿನೊಳಗಿರುವಾಗ ಅದಕ್ಕೆ ಬಣ್ಣವಿಲ್ಲ, ಸೋರಿ ಗಾಳಿಗೆ ತಾಗಿದರೆ ಕಂದು ಹೊಗೆ. ಒಮ್ಮೆ ಆ ಹೊಗೆ ಕುಡಿದ ಜೊತೆಗಾರ ಕಬೀರ್, "ಎಂತ ಆಗ್ಲಿಲ್ಲ ಮಾರಾಯ" ಎಂದು ನಗುತ್ತಾ ಉಂಡು ಮಲಗಿದ. ಬೆಳಗಾಗುವಾಗ ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತಿದ್ದ. ಹೆಣವನ್ನು ಊರಿಗೆ ತಂದವನು ಶಾಹುಲ್. ಮುಂದೆ ಪಣಂಬೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ, ಬಂದ ಬಂದ ಹೊಸಬರಿಗೆಲ್ಲ ಕಬೀರನ ಕಥೆ ಹೇಳಿ ಹೆದರಿಸಿಯೇ ಒಳಗೆ ಬಿಡುತ್ತಿದ್ದ.

ಮದುವೆಯಾಗಿ ಏಳು ವರ್ಷಕ್ಕೆ ಹೆಂಡತಿ ಸುಮಯ್ಯಾಳಿಗೆ ಗಂಡುಮಗುವಾಯಿತು. ಆಪರೇಷನ್ ಮಾಡಿ ತೆಗೆದದ್ದು. ಮಗು ಅತ್ತಿತು, ಆದರೆ ಮೈ ನೀಲಿಯಾಗಿಯೇ ಉಳಿಯಿತು. ಶಾಹುಲ್ ಗಾಜಿನ ಪೆಟ್ಟಿಗೆಯ ಕಿಂಡಿಗೆ ಬಾಯಿಟ್ಟು ಅದರ ಬಲಗಿವಿಗೆ ನಮಾಜಿನ ಕರೆ ಬಾಂಗ್ ಹೇಳಿದ.

ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಐಸಿಯುವಿನ ಡಾಕ್ಟರ್ ದೀಕ್ಷಿತಾ ಅವನನ್ನು ಕರೆದರು. "ಹುಟ್ಟಿದ ಕೂಡಲೇ ಶ್ವಾಸಕೋಶದ ರಕ್ತನಾಳ ಅಗಲ ಆಗ್ಬೇಕು. ಇವನದ್ದು ಆಗ್ಲಿಲ್ಲ. ವೆಂಟಿಲೇಟರಿನಲ್ಲಿ ನೈಟ್ರಿಕ್ ಆಕ್ಸೈಡ್ ಕೊಡ್ತೇವೆ. ಇಲ್ಲಿ ಸಹಿ ಹಾಕಿ."

"ಅದು ವಿಷ ಅಲ್ವಾ ಮೇಡಂ?"

"ಸ್ವಲ್ಪವೇ ಕೊಡುವುದು. ನಿಮ್ಮ, ನನ್ನ ರಕ್ತನಾಳಗಳೂ ಈ ಗ್ಯಾಸನ್ನು ತಯಾರು ಮಾಡ್ತಾ ಇರ್ತವೆ. ನಾಳ ಸಡಿಲ ಆಗುವುದೇ ಅದರಿಂದ. ಹತ್ತು ಲಕ್ಷ ಪಾಲು ಗಾಳಿಗೆ ಇಪ್ಪತ್ತು ಪಾಲು, ಅಷ್ಟೇ."

"ಇಪ್ಪತ್ತೈದಕ್ಕೆ ನಮ್ಮ ಕಾರ್ಖಾನೆಯಲ್ಲಿ ಸೈರನ್ ಆಗ್ತದೆ. ಇವನು ಹುಟ್ಟಿ ಆರು ಗಂಟೆ ಆಯ್ತಷ್ಟೇ."

ಶಾಹುಲ್ ಪೆನ್ನು ಕೆಳಗಿಟ್ಟ. ಏನೂ ಅರಿಯದವನಾಗಿದ್ದರೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದ. ಕಾರಿಡಾರಿನಲ್ಲಿ ಕೂತಿದ್ದ ಬೇರೆ ಅಪ್ಪಂದಿರೆಲ್ಲ ಹಾಗೆಯೇ ಹಾಕಿದ್ದರು. ಇವನ ಗ್ರಹಚಾರಕ್ಕೆ ಇವನಿಗೆ ಗೊತ್ತಿತ್ತು, ಗೊತ್ತಿದ್ದದ್ದು ಅರ್ಧವೆಂಬುದು ಮಾತ್ರ ಗೊತ್ತಿರಲಿಲ್ಲ. ಡಾಕ್ಟರು ಮೂರು ಸಲ ಹೊರಗೆ ಬಂದು ಬಿಡಿಸಿ ಹೇಳಿದರು. ಪ್ರತಿ ಸಲವೂ ಅವನ ಕಣ್ಣಿಗೆ ಕಟ್ಟಿದ್ದು ಕಬೀರನ ಬಾಯಿಯ ನೊರೆ. ಹನ್ನೆರಡೂವರೆಗೆ ಮಗುವಿನ ತುಟಿ ನೇರಳೆ ಹಣ್ಣಿನಂತಾದಾಗ ಸಹಿ ಹಾಕಿದ.

ಅರ್ಧ ಗಂಟೆಯೊಳಗೆ ತುಟಿಗೆ ಕೆಂಪು ಬಂತು. ವಿಷವೆಂದು ಅವನು ತಡೆದಿಟ್ಟದ್ದೇ ಮಗುವನ್ನು ಉಸಿರಾಡಿಸುತ್ತಿತ್ತು. ಶಾಹುಲ್ ಗಾಜಿಗೆ ಹಣೆ ಹಚ್ಚಿ ಅತ್ತ. ಆದರೆ ಅಷ್ಟರಲ್ಲಿ ಆ ಪುಟ್ಟ ಹೃದಯ ದಣಿದುಹೋಗಿತ್ತು. ಮೂರನೆಯ ದಿನ ಮಧ್ಯಾಹ್ನ ಮಗು ತೀರಿಕೊಂಡಿತು. ಏಳನೆಯ ದಿನ ಇಡಬೇಕೆಂದಿದ್ದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಆ ಎರಡೂವರೆ ಗಂಟೆಯಿಂದಲೇ ಹೀಗಾಯ್ತು ಅಂತ ಹೇಳ್ಲಿಕ್ಕಾಗುವುದಿಲ್ಲ" ಎಂದರು ಡಾಕ್ಟರು. ಅದರಿಂದ ಅಲ್ಲ ಎಂದೂ ಅವರು ಹೇಳಲಿಲ್ಲ.

ಸುಮಯ್ಯಾಳಿಗೆ ಎಲ್ಲವನ್ನೂ ಅವನೇ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಹೇಗಾದರೂ ಬದುಕಿಕೊಳ್ಳುತ್ತಿದ್ದ. ಪಣಂಬೂರಿನಲ್ಲಿ ಈಗ ಹೊಸಬರಿಗೆ ಕಬೀರನ ಕಥೆ ಇಲ್ಲ. ಮಾಸ್ಕ್ ಹಾಕಿಕೊಳ್ಳಿ ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಾನೆ.

ಎರಡು ವರ್ಷ ಕಳೆದು ಸುಮಯ್ಯಾ ಮತ್ತೆ ಬಸುರಿಯಾದಳು. ಅದೇ ಆಸ್ಪತ್ರೆಯ ಕೌಂಟರಿನಲ್ಲಿ ಫಾರ್ಮ್ ತುಂಬಿಸುತ್ತಿದ್ದ ಹುಡುಗಿ ಕೇಳಿದಳು: "ಅರ್ಜೆಂಟ್ ಬಂದ್ರೆ ಸಹಿ ಹಾಕ್ಲಿಕ್ಕೆ ಯಾರುಂಟು? ಗಂಡನಾ?"

ಶಾಹುಲ್ ಜೇಬಿನಿಂದ ಪೆನ್ನು ತೆಗೆದ.

"ಅಲ್ಲ" ಎಂದಳು ಸುಮಯ್ಯಾ, ಅವನ ಕಡೆ ನೋಡದೆ. "ನನ್ನ ಉಮ್ಮ ಹಾಕ್ತಾರೆ. ಮುಮ್ತಾಝ್ ಅಂತ ಬರ್ಕೊಳ್ಳಿ."

ಶಾಲೆಯ ಮುಖವನ್ನೇ ಕಾಣದ ಮುಮ್ತಾಝ್ ಕುರ್ಚಿಯಿಂದ ಎದ್ದು ಬಂದರು. ಅಳಿಯನ ಕೈಯಿಂದಲೇ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.