ಆಚೆ ಕಡೆಗೆ ಹೋಗಲು ಜೊತೆ

ನಮ್ಮತ್ತೆಗೆ ಹೊಟ್ಟೆ ಕಟ್ಟಿದ ಕಥೆ ಬರೆಯುತ್ತೇನೆ ಅಂದಾಗ ನನ್ನ ಗಂಡ ಮುಖ ಸಿಂಡರಿಸಿದರು. "ಬರಿಯೋಕೆ ಬೇರೇನೂ ಸಿಗಲಿಲ್ವಾ ನಿಂಗೆ?" ಸಿಗಲಿಲ್ಲ. ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು ಎಲ್ಲ ಬರೆಯಬಹುದಂತೆ, ದಿನಾ ಬೆಳಗಾದರೆ ಮಾಡುವುದನ್ನು ಮಾತ್ರ ಬರೆಯಬಾರದಂತೆ. ಹೋಗಲಿ ಬಿಡಿ, ಅವರಿಗೆ ನಾಚಿಕೆ. ನನಗೆ ಭಯ. ನಮ್ಮ ಮನೆಯ ಬಾತ್ರೂಮಿನ ಬಾಗಿಲ ಮುಂದೆ ಒಬ್ಬಳೇ ನಿಂತರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಾನು ಮಾಲೂರು ಕಡೆಯವಳು. ಮದುವೆಯಾಗಿ ಬಂದ ಊರು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಿಂದ ಸ್ವಲ್ಪ ಒಳಗೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಗಾಜಿನ ಕಟ್ಟಡ. ಮನೆಯ ಹಿಂದೆ ಲೆಟ್ರಿನ್ ಕಟ್ಟಿಸಿದ್ದರು. ಬಳಸುತ್ತಿದ್ದವರು ಗಂಡಸರು ಮತ್ತು ಹೊಸ ಸೊಸೆಯಾದ ನಾನು. ಅತ್ತೆ ಮಾತ್ರ ಬೆಳಕು ಹರಿಯುವ ಮೊದಲೇ ಚೊಂಬು ಹಿಡಿದು ಕೆರೆ ಏರಿಯ ಕೆಳಗಿನ ಹೊಂಗೆ ತೋಪಿಗೆ ಹೋಗುತ್ತಿದ್ದರು. ಜೊತೆಗೆ ಪಕ್ಕದ ಮನೆಯ ಹೆಂಗಸು. ನೆಂಟರಲ್ಲ, ಆದರೂ ನಾನು ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತಿದ್ದೆ. ಇಬ್ಬರೂ ಚಿಕ್ಕ ವಯಸ್ಸಿಗೇ ಆ ಬೀದಿಗೆ ಸೊಸೆಯರಾಗಿ ಬಂದವರು. ಅತ್ತೆಮನೆಯ ಗೋಳು, ಗಂಡನ ಏಟು, ಕೈತಪ್ಪಿಹೋದ ಮಕ್ಕಳು, ಎಲ್ಲವನ್ನೂ ಹೇಳಿಕೊಂಡು ಅತ್ತದ್ದು ಆ ತೋಪಿನಲ್ಲಿ ಕುಳಿತೇ. ಮನೆಯೊಳಗೆ ಬಾಯಿ ಬಿಡುವ ಹಾಗಿರಲಿಲ್ಲವಲ್ಲ.

"ಅತ್ತೆ, ಮನೇಲೇ ಇದೆಯಲ್ಲ, ಅಷ್ಟು ದೂರ ಯಾಕೆ ಹೋಗ್ತೀರಿ?" ಅಂತ ಒಂದು ಸಲ ಕೇಳಿದೆ.

"ಆ ಗೂಡೊಳ್ಗೆ ಒಬ್ಳೇ ಕುಂತ್ರೆ ಎಲ್ಲವ್ವ ಬತ್ತದೆ?" ಅಂದರು. "ಒಬ್ರು ಜೊತೇಲಿರ್ಬೇಕು, ನಾಕು ಮಾತಾಡ್ತಿರ್ಬೇಕು. ಅದ್ರ ಪಾಡ್ಗೆ ಅದು ಓಯ್ತದೆ." ಅವತ್ತು ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಹಾಗಂತ ಹೊಟ್ಟೆಯ ವಿಷಯದಲ್ಲಿ ಅತ್ತೆ ಏನೂ ತಿಳಿಯದವರೇನಲ್ಲ. ನನಗೆ ಹೆರಿಗೆಯಾಗಿ, ಹೊಲಿಗೆಯ ನೋವಿಗೆ ಹೆದರಿ ನಾನು ತಡೆದುಕೊಂಡು ಕುಳಿತಿದ್ದಾಗ ಮೊದಲು ಕಂಡುಹಿಡಿದವರು ಅವರೇ. ಕಬ್ಬಿಣದ ಮಾತ್ರೆ ಬೇರೆ ನುಂಗುತ್ತಿದ್ದೆ. "ತಡ್ಕಂಡಷ್ಟೂ ಕಲ್ಲಾಯ್ತದೆ ಕಣವ್ವ, ಎದ್ದೇಳು" ಅಂತ ಗದರಿ, ಬಾಣಂತಿ ನೀರು ಕುಡಿಯಬಾರದು ಅಂದ ನೆಂಟರ ಬಾಯಿ ಮುಚ್ಚಿಸಿ, ಚೆಂಬುಗಟ್ಟಲೆ ಬಿಸಿನೀರು ಕುಡಿಸಿದರು. ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ ಹಾಕಿದರು. ಮಗಳಿಗೆ ರಾಗಿ ಸರಿ ಶುರು ಮಾಡಿದಾಗ ಮಗು ತಿಣುಕಿ ತಿಣುಕಿ ಕೆಂಪಗಾಗಿ ಅಳುತ್ತಿತ್ತು. ಅತ್ತೆ ಅದರ ಹೊಟ್ಟೆಗೆ ಬೆಚ್ಚಗಿನ ಎಣ್ಣೆ ಸವರಿ, ಕಾಲೆರಡನ್ನೂ ಹಿಡಿದು ಸೈಕಲ್ ತುಳಿಸಿದರು. ಅಷ್ಟಕ್ಕೂ ಆಗದಿದ್ದಾಗ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಮಗುವಿನ ಹಿಂಬದಿಗೆ ತೂರಿಸಲು ಬಂದರು. ನಾನು ಮಗುವನ್ನು ಕಿತ್ತುಕೊಂಡು ರಂಪ ಮಾಡಿದೆ. ಎರಡು ದಿನ ಮಾತಿಲ್ಲ ಕಥೆಯಿಲ್ಲ. ಡಾಕ್ಟರು ತೊಟ್ಟೆಲ್ಲ ಬೇಡ, ಸರಿಯನ್ನು ತೆಳ್ಳಗೆ ಮಾಡಿ, ಹಣ್ಣು ಕಿವುಚಿ ಕೊಡಿ ಅಂದರು. ಅದನ್ನು ಅತ್ತೆಗೆ ಕೇಳಿಸುವ ಹಾಗೆ ನಾಲ್ಕು ಸಲ ಹೇಳಿದೆ. ನಾನೂ ಏನು ಕಮ್ಮಿ ಅಲ್ಲ.

ಆಮೇಲೆ ಹೊಲ ಹೋಯಿತು, ತೋಪೂ ಹೋಯಿತು. ಸುತ್ತ ಕಾಂಪೌಂಡು ಎದ್ದು ಒಳಗೆ ಟೆಕ್ ಪಾರ್ಕ್ ಬಂತು. ನಮ್ಮ ಮನೆಯೂ ದೊಡ್ಡಮ್ಮನ ಮನೆಯೂ ಮಹಡಿ ಮೇಲೆ ಮಹಡಿ ಎದ್ದವು. ಮೇಲಿನ ಮಹಡಿಗಳಲ್ಲಿ ನಾವು ಲೇಡೀಸ್ ಪಿ.ಜಿ. ಮಾಡಿದೆವು, ಅಡುಗೆ ನನ್ನದು. ಆ ಹುಡುಗಿಯರದ್ದೂ ಇದೇ ಗೋಳು. ಬೆಳಿಗ್ಗೆ ಒತ್ತಡ ಬರುವ ಹೊತ್ತಿಗೆ ಕ್ಯಾಬ್ ಬಂದಿರುತ್ತದೆ, ಆಫೀಸಿನಲ್ಲಿ ಕೂತ ಜಾಗ ಬಿಟ್ಟು ಏಳುವುದಿಲ್ಲ, ನೀರಂತೂ ಕುಡಿಯುವುದೇ ಇಲ್ಲ. "ಆಂಟಿ, ಹಾಟ್ ವಾಟರ್ ಇದೆಯಾ?" ಅಂತ ಗುಟ್ಟಿನಲ್ಲಿ ಅಡುಗೆಮನೆಗೆ ಬರುತ್ತಿದ್ದವು. ನಾನು ನೆನೆಸಿದ ಒಣದ್ರಾಕ್ಷಿ, ಪರಂಗಿ ಹಣ್ಣು ಕೊಟ್ಟು, ಹತ್ತು ನಿಮಿಷ ಮುಂಚೆ ಎದ್ದರೆ ಗಂಟೇನು ಹೋಗುತ್ತೆ ಅಂತ ಬೈದು ಕಳಿಸುತ್ತಿದ್ದೆ.

ಅತ್ತೆ ಮತ್ತು ದೊಡ್ಡಮ್ಮ ಮಾತ್ರ ತಮ್ಮದೇ ದಾರಿ ಹುಡುಕಿಕೊಂಡಿದ್ದರು. ನಮ್ಮೂರಲ್ಲಿ ಮನೆಗಳ ನಡುವೆ ಜಾಗ ಬಿಡುವುದು ಅಷ್ಟಕ್ಕಷ್ಟೇ, ಒಂದು ಮೊಳದ ಸಂದಿ. ದೊಡ್ಡಮ್ಮನ ಬಾತ್ರೂಮಿನ ಕಿಂಡಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರು. ನಮ್ಮ ಬಾತ್ರೂಮಿನ ಕಿಂಡಿಯೂ ಅದೇ ಸಂದಿಗೆ. ಬೆಳಿಗ್ಗೆ ದೊಡ್ಡಮ್ಮ ಒಳಗೆ ಹೋಗಿ, ಗಂಟಲು ಸರಿಮಾಡಿಕೊಂಡು ಕೂಗುವರು: "ಇದ್ದೀಯೇನಮ್ಮಿ?"

"ಇವ್ನಿ ಕಣಮ್ಮಿ, ಕುಂತ್ಕೊ" ಅಂತ ಅತ್ತೆ ಕಿಟಕಿಯ ಹತ್ತಿರ ಬಂದು ನಿಲ್ಲುವರು. ಆ ಕಡೆ ಅವರು, ಈ ಕಡೆ ಇವರು, ನಡುವೆ ಊರಿನ ಸುದ್ದಿಯೆಲ್ಲ. ಆಮೇಲೆ ಅತ್ತೆಯ ಸರದಿ, ದೊಡ್ಡಮ್ಮ ಕಾವಲು. ನಾನು ಅಲ್ಲೇ ಒಗ್ಗರಣೆ ಹಾಕುತ್ತ, ಕರ್ಮ ಕರ್ಮ ಅಂತ ಹಣೆ ಚಚ್ಚಿಕೊಳ್ಳುತ್ತಿದ್ದೆ. ಇಬ್ಬರಿಗೂ ಜಗಳವೂ ಜೋರೇ. ಇವತ್ತು ನಿನ್ನ ಮುಖ ನೋಡಲ್ಲ ಅಂದವರು ನಾಳೆ ಕಿಂಡಿಯಲ್ಲಿ ಹಾಜರ್.

ಒಂದು ಬೆಳಿಗ್ಗೆ ದೊಡ್ಡಮ್ಮನ ಸೊಸೆ ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದು ನೋಡಿದರೆ ಬಾತ್ರೂಮಿನ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಕರೆದರೆ ಮಾತಿಲ್ಲ. ಗಂಡಸರು ಬಾಗಿಲು ಒಡೆದರು. ದೊಡ್ಡಮ್ಮ ಕಮೋಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ಬಿದ್ದಿದ್ದರು. ತಿಣುಕಿದಾಗ ಹೃದಯ ನಿಂತಿರಬೇಕು ಅಂತ ಡಾಕ್ಟರು ಹೇಳಿದರು. ನಾನು ಅವತ್ತು ಮುಂಜಾನೆಯೇ ತರಕಾರಿ ತರಲು ಹೋಗಿದ್ದೆ, ಬರುವಷ್ಟರಲ್ಲಿ ಹೆಣವನ್ನು ಪಡಸಾಲೆಗೆ ತಂದಿದ್ದರು. ಅತ್ತೆ ನಮ್ಮ ಹೊಸಿಲು ದಾಟಿ ಆ ಮನೆಗೆ ಕಾಲಿಡಲಿಲ್ಲ. ಜೀವದ ಗೆಳತಿ, ಆಘಾತ ಆಗಿದೆ ಪಾಪ ಅಂದರು ಊರವರು. ತಿಥಿ ಮುಗಿದ ಮೇಲೆ ಅತ್ತೆ ಬಡಗಿಯನ್ನು ಕರೆಸಿ ಅಡುಗೆಮನೆಯ ಕಿಟಕಿಗೆ ಪ್ಲೈವುಡ್ ಹೊಡೆಸಿದರು. ಘಾಟು ಎಲ್ಲಿ ಹೋಗಬೇಕು ಅಂತ ನಾನು ಕೂಗಾಡಿದೆ. "ಅಲ್ಲಿಂದ ಗಾಳಿ ಬತ್ತದೆ" ಅಂದರು, ಅಷ್ಟೇ.

ದೊಡ್ಡಮ್ಮನ ಮಗ ಸಂಸಾರ ಸಮೇತ ಬೇರೆ ಕಡೆ ಹೋದ. ಮನೆಗೆ ಬೀಗ ಬಿತ್ತು. ಒಂದು ದಿನ ನಾನು ಸೊಪ್ಪು ಬಿಡಿಸುತ್ತ ಕುಳಿತಿದ್ದಾಗ ಪ್ಲೈವುಡ್ಡಿನ ಆಚೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಪೈಪಿನ ಸದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಸೊಪ್ಪನ್ನು ಎತ್ತಿಕೊಂಡು ಹಾಲಿಗೆ ಬಂದುಬಿಟ್ಟೆ.

ಅಲ್ಲಿಂದ ಅತ್ತೆಯ ಹೊಟ್ಟೆ ಕಟ್ಟಿತು. ಬಾತ್ರೂಮಿಗೆ ಹೋಗುವರು, ಹೋದ ಹಾಗೇ ಬರುವರು. ಹೋಗಬೇಕಾಗುತ್ತದಲ್ಲ ಅಂತ ಉಣ್ಣುವುದನ್ನು ಬಿಟ್ಟರು, ನೀರು ಬಿಟ್ಟರು. ಮುದ್ದೆಯ ತಟ್ಟೆ ಮುಂದಿಟ್ಟರೆ ಪಕ್ಕಕ್ಕೆ ಸರಿಸುವರು. ಒಂದು ಮಧ್ಯಾಹ್ನ ಟೆಕ್ ಪಾರ್ಕಿನ ಸೆಕ್ಯುರಿಟಿಯವನು ಅವರನ್ನು ಕೈಹಿಡಿದು ಕರೆತಂದ. ಬಿಜಾಪುರದ ಕಡೆಯವನು. "ಅಕ್ಕಾರ, ಈ ಅಮ್ಮ ನಿಮ್ಮವರೇನ್ರೀ? ಚೊಂಬು ಹಿಡಕೊಂಡು ಪಾರ್ಕಿಂಗಿನಾಗ ಕುಂದ್ರಾಕ ಹೊಂಟಿದ್ರು." ಬೇರೆಯವರ ಮನೆಯಲ್ಲಿ ಆಗಿದ್ದರೆ ನಗುತ್ತಿದ್ದೆ. ಅತ್ತೆಯ ಮುಖ ನೋಡಿ ನಗು ಬರಲಿಲ್ಲ. ಅವರಿಗೆ ಅಲ್ಲಿ ಕಾರುಗಳು ಕಾಣಿಸಿರಲೇ ಇಲ್ಲ.

ಸ್ವಲ್ಪ ದಿನಕ್ಕೆ ಸೀರೆಯಲ್ಲೇ ನೀರು ನೀರಾಗಿ ಹೋಗತೊಡಗಿತು. ಭೇದಿ ಅಂದುಕೊಂಡು ನನ್ನ ಗಂಡ ಮೆಡಿಕಲ್ ಸ್ಟೋರಿನಿಂದ ಲೂಸ್ ಮೋಷನ್ ಮಾತ್ರೆ ತಂದರು. ಅತ್ತೆಯ ಹೊಟ್ಟೆ ತಮಟೆಯಾಯಿತು, ವಾಂತಿ ಶುರುವಾಯಿತು. ನರ್ಸಿಂಗ್ ಹೋಮಿನ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಇವರಿಗೆ ಚೆನ್ನಾಗಿ ಉಗಿದರು.

"ಇದು ಭೇದಿ ಅಲ್ಲ ಕಣ್ರೀ. ಒಳಗೆ ಗಟ್ಟಿಯಾಗಿ ಕಲ್ಲಿನ ಥರ ಕೂತಿದೆ, ಅದರ ಪಕ್ಕದಿಂದ ನೀರು ಸೋರ್ತಾ ಇದೆ. ನೀವು ಮಾತ್ರೆ ಕೊಟ್ಟು ಇನ್ನೂ ಬಿಗಿ ಮಾಡಿದ್ದೀರಿ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಹೀಗಾಗುತ್ತೆ."

ಎನಿಮಾ ಕೊಟ್ಟು ಅವತ್ತಿನ ಮಟ್ಟಿಗೆ ಬಿಡಿಸಿದರು. ಪುಡಿ, ಸಿರಪ್ಪು ಬರೆದರು. ತಿಂಡಿ ಆದ ಮೇಲೆ ದಿನಾ ಒಂದೇ ಹೊತ್ತಿಗೆ ಕೂರಿಸಿ, ಕಾಲ ಕೆಳಗೆ ಮಣೆ ಇಡಿ, ತಿಣುಕಲು ಬಿಡಬೇಡಿ ಅಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಅವರೇ ಹಿಡ್ಕೋತಿದ್ದಾರೆ. ಯಾವುದಕ್ಕೋ ಹೆದರಿದ್ದಾರೆ. ಮತ್ತೆ ಹೀಗೇ ಆದರೆ ಕರುಳಿಗೆ ಅಪಾಯ, ಈ ವಯಸ್ಸಲ್ಲಿ ಆಪರೇಷನ್ ತಡ್ಕೊಳ್ಳಲ್ಲ."

ನಾನು ಮಣೆ ಇಟ್ಟೆ, ಪುಡಿ ಕಲಸಿದೆ, ಚಿಲಕ ಹಾಕಬೇಡಿ ಅಂದೆ. ಅತ್ತೆ ಮಗುವಿನ ಹಾಗೆ ಹೇಳಿದ್ದೆಲ್ಲ ಕೇಳಿದರು. ಹೋಗಿ ಕೂರುವರು. ಆಮೇಲೆ ಒಳಗೆ ಮಾತು ಶುರು. ಮೊದಲ ದಿನ ಮಗಳ ಮೊಬೈಲು ತೆಗೆದುಕೊಂಡು ಹೋಗಿದ್ದಾರೆ ಅಂದುಕೊಂಡೆ. ಮೊಬೈಲು ಟಿ.ವಿ. ಮೇಲಿತ್ತು. ಯಾರದೋ ಮದುವೆ, ಯಾರದೋ ಎಮ್ಮೆ, ಸತ್ತು ಎಷ್ಟೋ ವರ್ಷವಾದವರ ಸುದ್ದಿ. ನಡುನಡುವೆ ಸುಮ್ಮನಾಗುವರು. ಯಾರೋ ಉತ್ತರ ಹೇಳಿ ಮುಗಿಸಲಿ ಅಂತ ಕಾಯುವಷ್ಟೇ ಹೊತ್ತು. ಆಮೇಲೆ "ಅಯ್ಯೋ ನಿನ್ನ!" ಅಂತ ನಗುವರು. ಅಯ್ಯಪ್ಪಾ, ಆ ಸುಮ್ಮನಿರುವ ಹೊತ್ತು ಇದೆಯಲ್ಲ, ಅದನ್ನು ಕೇಳಲು ನನ್ನ ಕೈಲಾಗುತ್ತಿರಲಿಲ್ಲ. ಇವರಿಗೆ ಹೇಳಿದರೆ ವಯಸ್ಸಾಯ್ತಲ್ಲ ಬಿಡು ಅಂದರು. ಮಾತೇನೋ ನಡೆಯುತ್ತಿತ್ತು, ಹೊಟ್ಟೆ ಮಾತ್ರ ಬಿಡಲಿಲ್ಲ. ದಿನಗಳು ಉರುಳಿ ಹೊಟ್ಟೆ ಮತ್ತೆ ಬಿಗಿಯತೊಡಗಿತು. ನಾಳೆ ಆಸ್ಪತ್ರೆಗೆ ಸೇರಿಸೋಣ ಅಂತ ಮಾತಾಡಿಕೊಂಡಿದ್ದೆವು.

ಅವತ್ತು ಮಧ್ಯಾಹ್ನ. ಪಿ.ಜಿ. ಖಾಲಿ, ಮಗಳು ಸ್ಕೂಲಿನಲ್ಲಿ. ಅತ್ತೆ ತಾವಾಗಿಯೇ ಒಳಗೆ ಹೋಗಿ ಕುಳಿತರು. ನಾನು ಬಾಗಿಲ ಆಚೆ ನಿಂತೆ.

"ಇದ್ದೀಯೇನಮ್ಮಿ?" ಅಂದರು.

ಸುಮ್ಮನಾದರು. ಕಾದರು. ನಾನೂ ಕಾದೆ. ಈ ಸಲ ನಗಲಿಲ್ಲ.

"ಇದ್ದೀಯೇನಮ್ಮಿ?" ಅತ್ತೆ ಇನ್ನೊಮ್ಮೆ ಕೂಗಿದರು. "ಯಾಕಮ್ಮಿ ಮಾತಾಡಾಕಿಲ್ಲ? ಸಿಟ್ಟಾ? ಅಮ್ಮೀ..."

ಓಡಿಹೋಗಬೇಕು ಅನ್ನಿಸಿತು. ಅತ್ತೆ ಮತ್ತೆ ಮತ್ತೆ ಕರೆಯುತ್ತಿದ್ದರು, ಸಂತೆಯಲ್ಲಿ ತಾಯಿಯ ಕೈ ತಪ್ಪಿಸಿಕೊಂಡ ಮಗು ಕರೆಯುವ ಹಾಗೆ. ನನಗೆ ತಡೆಯಲಾಗಲಿಲ್ಲ.

"ಇವ್ನಿ ಕಣಮ್ಮಿ, ಕುಂತ್ಕೊ" ಅಂದೆ. ಅತ್ತೆಯನ್ನು ಬಹುವಚನ ಬಿಟ್ಟು ಮಾತಾಡಿಸದವಳು ನಾನು. ನನ್ನ ಗಂಟಲಿಂದ ಬಂದ ಧ್ವನಿಯ ಗುರುತು ನನಗೇ ಸಿಗಲಿಲ್ಲ.

ಒಳಗೆ ಉಸಿರು ಬಿಟ್ಟದ್ದು ಕೇಳಿತು. ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು.

"ಕೇಳಿಸ್ತು ಕಣಮ್ಮಿ" ಅಂದರು ಅತ್ತೆ.

"ಏನು?"

"ಅವತ್ತು ನೀನು ಕೂಗಿದ್ದು. ಕಿಟ್ಕಿ ತಾವೇ ಕುಂತು ಕಾಯಿ ತುರೀತಿದ್ದೆ. ಒಂದ್ಸಲ ಅಲ್ಲ, ಬ್ಯಾರೆ ಬ್ಯಾರೆ ಥರ ಕೂಗ್ದೆ ನೀನು. ಅದ್ರ ಮುಂಚಿನ ದಿನ ನಾನು ಸಂದೀಗೆ ನೀರು ಬಿಟ್ಟೆ ಅಂತ ಬೀದೀಲಿ ನಿಂತು ನನ್ನ ಬಾಯಿಗೆ ಬಂದಂಗೆ ಬೈದಿದ್ಯಲ್ಲ, ಆ ಸಿಟ್ಟಿತ್ತು. ಕೂಗ್ಕಳ್ಲಿ ಮುಂಡೆ ಅಂತ ಬೇಕಂತ್ಲೇ ಸುಮ್ಕಿದ್ದೆ."

ನಾನು ಬಾಗಿಲಿಗೆ ಹಣೆ ಒತ್ತಿ ನಿಂತೆ. ದೆವ್ವಕ್ಕೆ ಹೆದರಿದ್ದಾರೆ ಅಂತ ನಾವೆಲ್ಲ ತಾಯಿತ ಕಟ್ಟಿಸುವ ಮಾತಾಡಿದ್ದೆವು.

"ಏನಾರಾ ಅನ್ನಮ್ಮಿ" ಅಂದರು ಒಳಗಿನಿಂದ. "ಬೈಯಾದಾರಾ ಬೈಯಮ್ಮಿ."

ದೊಡ್ಡಮ್ಮ ಏನು ಹೇಳುತ್ತಿದ್ದರೋ ಯಾರಿಗೆ ಗೊತ್ತು. ಆ ಚಿಲಕದ ಹಿಂದೆ ಅವರು ಏನೇನು ಅಂದುಕೊಂಡು ಹೋದರೋ ಯಾರಿಗೆ ಗೊತ್ತು. ಕ್ಷಮಿಸಿದ್ದೀನಿ ಅನ್ನಲು ನಾನು ಯಾರು?

"ನಾನಾಗಿದ್ರೂ ಅಂಗೇ ಸುಮ್ಕಿರ್ತಿದ್ದೆ ಬಿಡಮ್ಮಿ" ಅಂದೆ.

ಒಳಗೆ ಅತ್ತೆ ಜೋರಾಗಿ ಅಳತೊಡಗಿದರು. ಅಳುತ್ತ ಅಳುತ್ತಲೇ ಹೊಟ್ಟೆ ಬಿಟ್ಟಿತು.