ಖಾಲಾ ಬೆರಳಿನ ಗೆರೆ

ಇದೆಲ್ಲ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಕಳೆದ ತಿಂಗಳು ಶಿಡ್ಲಘಟ್ಟದಲ್ಲಿ ಬಸ್ಸಿಳಿದಾಗ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆಯೇ, ಚಿಕ್ಕಮ್ಮ ಎಂಬರ್ಥದಲ್ಲಿ ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ನೆನಪಾದರು. ಅಷ್ಟು ಮಾತ್ರ ಖಚಿತ.

ಖಾಲಾ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕಿದ್ದರು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಬೇಕು. ಬೆರಳ ತುದಿಗಳು ಸವೆದ ಸೋಪಿನಂತೆ ಬೆಳ್ಳಗೆ, ನುಣ್ಣಗೆ... ತಟ್ಟೆಯ ಅನ್ನ ಬಿಸಿಯೋ ತಣ್ಣಗೋ ಕೈಗೆ ತಿಳಿಯುತ್ತಿರಲಿಲ್ಲವಂತೆ.

"ಕೋಟಿ ವಿದ್ಯಲು ಕೂಟಿ ಕೊರಕೇ" ಎಂಬ ತೆಲುಗು ಗಾದೆಯನ್ನು ನಾನು ಮೊದಲು ಕೇಳಿದ್ದು ಅವರಿಂದ. ಕಸುಬು ಕೋಟಿ ಇದ್ದರೂ ಎಲ್ಲವೂ ತುತ್ತು ಅನ್ನಕ್ಕಾಗಿ ಎಂದು ಅರ್ಥ. ಮನೆಯಲ್ಲಿ ಉರ್ದು ಆಡುವವರು ತೆಲುಗು ಗಾದೆ ಹೇಳಿದ್ದು ನಿಜವೇ? ಪಕ್ಕದ ತೊಟ್ಟಿಯಲ್ಲಿದ್ದ ಚಿಂತಾಮಣಿ ಕಡೆಯ ಹೆಂಗಸಿನಿಂದ ಕಲಿತೆ ಅಂದ ನೆನಪು. ಆಗ ಎಂ.ಎ. ಓದುತ್ತಿದ್ದ ನಾನು ಗಾದೆಯ ಮೂಲ ಕೇಳಿದೆ.

"ಹೊಟ್ಟೆ ಹುಟ್ಟಿದ್ ದಿನಾನೇ ಈ ಗಾದೇನೂ ಹುಟ್ಟಿರ್ತದೆ ಬೇಟಾ. ಅದನ್ನ ತಿಳ್ಕೊಳಕ್ಕೆ ಎರಡ್ ವರ್ಷ ಓದಬೇಕಾ?"

ಕೋಟಿ ಕಸುಬಿರುವಾಗ ಇದೊಂದಕ್ಕೇ ಯಾಕೆ ಅಂಟಿಕೊಂಡಿದ್ದೀರಿ ಎಂದು ವಾದಿಸಿದವನು ನಾನು. ಚಿಕ್ಕಬಳ್ಳಾಪುರದ ಹೊರಗಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಅರ್ಜಿ ಬರೆದುಕೊಟ್ಟವನೂ ನಾನೇ. ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸುವ ಕೆಲಸ ಸಿಕ್ಕಿತು. ಖಾಲಾ ಹೊಸ ಚಪ್ಪಲಿ ಮೆಟ್ಟಿ ಹೊರಟರು.

ಅಲ್ಲಿ ಹಾಜರಿಗೆ ಬೆರಳೊತ್ತುವ ಯಂತ್ರ. ಅದು ಅವರ ಹತ್ತು ಬೆರಳಲ್ಲಿ ಒಂದನ್ನೂ ಗುರುತಿಸಲಿಲ್ಲ. "ಬೆರಳೇ ಮನೇಲಿ ಬಿಟ್ ಬಂದ್ರೇನಮ್ಮ?" ಎಂದು ಕಾವಲುಗಾರ ನಕ್ಕನಂತೆ. ಹೇಗೋ ಒಳಗೆ ಬಿಟ್ಟರು, ಖಾಲಾ ದಿನವಿಡೀ ದುಡಿದರು. ಮರುದಿನ ಮತ್ತೆ ಅದೇ. ವಾರ ಮುಗಿದಾಗ, ಬೆರಳ ಗುರುತು ಬಂದಮೇಲೆ ಬನ್ನಿ ಎಂದು ಕಳಿಸಿಬಿಟ್ಟರು.

"ನೀರು ಮುಟ್ಟದೆ ಎರಡ್ ತಿಂಗಳು ಕೂತ್ರೆ ಗೆರೆ ಬರ್ತದಂತೆ," ಎಂದರು ಖಾಲಾ. "ಕೂತ್ಕೊಂಡು ತಿನ್ನೋದು ಯಾವ ವಿದ್ಯೆಯಪ್ಪ? ನಿಮ್ ಕಾಲೇಜಲ್ಲಿ ಹೇಳ್ಕೊಡ್ತಾರಾ?"

ಸೋಮವಾರ ಅವರು ಮತ್ತೆ ತೊಟ್ಟಿಯ ಮುಂದಿದ್ದರು. ಸಾಯುವವರೆಗೂ ಅಲ್ಲೇ...

ಈಗ ಖಾಲಾ ಮನೆಯಲ್ಲಿ ಬೇರೆಯವರಿದ್ದಾರೆ. ನನ್ನ ತಪ್ಪಿತಸ್ಥ ಮನಸ್ಸೇ ಇದನ್ನೆಲ್ಲ ಕಟ್ಟಿತೇನೋ ಎಂಬ ಅನುಮಾನ ಬಿಡಲಿಲ್ಲ. ಪರಿಚಯದವರನ್ನು ಹಿಡಿದು, ಕಾರ್ಖಾನೆಯ ಬೆರಳೊತ್ತುವ ಯಂತ್ರದ ಆ ತಿಂಗಳ ಹಾಜರಿ ಪಟ್ಟಿ ನೋಡಿಬಂದೆ. ಖಾಲಾ ಹೆಸರು ಇದೆ. ಅದರ ಮುಂದೆ ಆರು ದಿನವೂ ಗೈರುಹಾಜರಿ.